ಸಿಹಿ ಸೆಂಟಿನ ಸಹವಾಸ

ಸೆಂಟು ಹಾಕಿಕೊಂಡ ಗಂಡಸನ್ನು ಸಂಶಯದಿಂದ ನೋಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮದುವೆ ವಯಸ್ಸಿನ ಹುಡುಗನಾದರೆ ‘ಏನೋ ನಡೆದಿದೆ’ ಅನ್ನುತ್ತಾರೆ. ಮದುವೆಯಾದವನಾದರೆ ‘ಎಲ್ಲೋ ನಡೆದಿದೆ’ ಅನ್ನುತ್ತಾರೆ. ಐವತ್ತು ದಾಟಿದವನಾದರೆ ಏನೂ ಅನ್ನುವುದಿಲ್ಲ, ಸುಮ್ಮನೆ ಅವನ ಹೆಂಡತಿಯ ಮುಖ ನೋಡುತ್ತಾರೆ. ಇದೇ ಜನ ಪೌಡರಿನ ಬಗ್ಗೆ ಮಾತ್ರ ಯಾವತ್ತೂ ತಕರಾರು ಎತ್ತಿದವರಲ್ಲ. ಸ್ನಾನ ಮುಗಿಸಿ, ಬನಿಯನ್ನಿನ ಒಳಗೆ ಕೈ ತೂರಿಸಿ, ಕುತ್ತಿಗೆಗೂ ಕಂಕುಳಿಗೂ ಪಾಂಡ್ಸ್ ಡ್ರೀಮ್‌ಫ್ಲವರನ್ನೋ ಕ್ಯುಟಿಕ್ಯುರಾವನ್ನೋ ಧಾರಾಳವಾಗಿ ಸುರಿದುಕೊಂಡು, ಕಾಲರಿನ ಅಂಚಿನಲ್ಲಿ ಅದರ ಬಿಳಿ ಗಡಿರೇಖೆ ತೋರಿಸುತ್ತ ಬಸ್ಸು ಹತ್ತುವವನು ಸಂಭಾವಿತ. ಅದೇ ಪರಿಮಳವನ್ನು ಎಣ್ಣೆಯ ರೂಪದಲ್ಲಿ ಮಣಿಕಟ್ಟಿಗೆ ಹಚ್ಚಿಕೊಂಡವನು ಶೋಕಿಲಾಲ. ಪುಡಿಯಾಗಿದ್ದರೆ ಶುಚಿತ್ವ, ಎಣ್ಣೆಯಾದರೆ ಚಾರಿತ್ರ್ಯದ ಪ್ರಶ್ನೆ!

ಪೌಡರ್ ಡಬ್ಬಿಯ ಸಾಮಾಜಿಕ ಸ್ಥಾನಮಾನವೇ ಬೇರೆ ಬಿಡಿ. ಮನೆಗೆ ನೆಂಟರು ಬಂದರೆ ಕೈಕಾಲಿಗೆ ನೀರು, ಒರೆಸಿಕೊಳ್ಳಲು ಬೈರಾಸು, ಆಮೇಲೆ ಗೋಡೆಗನ್ನಡಿಯ ಪಕ್ಕದಲ್ಲಿ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ. ಇಷ್ಟೂ ಸೇರಿದರೇ ಆತಿಥ್ಯ. ಪೌಡರು ಮಗುವಿನ ತೊಡೆಸಂದಿಗೂ ಆಯಿತು, ಕಚ್ಚುವ ಹೊಸ ಬೂಟಿಗೂ ಆಯಿತು, ಕೇರಂ ಬೋರ್ಡಿಗೂ ಆಯಿತು. ನಮ್ಮೂರ ಯುವಕ ಸಂಘದಲ್ಲಿ ಬೋರಿಕ್ ಪೌಡರು ಕೊಳ್ಳಲು ದುಡ್ಡಿರಲಿಲ್ಲ. ಅಮ್ಮಂದಿರ ಡಬ್ಬಿ ಪುಕ್ಕಟೆಯಾಗಿ ಸಿಗುತ್ತಿತ್ತು. ಹಾಗಾಗಿ ಕೇರಂ ಫೈನಲ್ಲಿನ ರಾತ್ರಿ ಸಂಘದ ಕೋಣೆಯಿಡೀ ಬಾಣಂತಿ ಕೋಣೆಯ ಘಮ. ಬೀಡಿ ಸೇದುವ ಹಿರಿಯ ಆಟಗಾರರು ಕೂಡ ಯಾಕೋ ಸಂಕೋಚವಾಗಿ ಹೊರಗೆ ಹೋಗಿ ಸೇದಿ ಬರುತ್ತಿದ್ದರು.

ಇಷ್ಟೆಲ್ಲ ಪೀಠಿಕೆಗೆ ಕಾರಣ, ಈಗ ನನ್ನ ಮೇಜಿನ ಮೇಲಿರುವ ಆರು ಮಿಲಿಲೀಟರಿನ ಒಂದು ಸೀಸೆ. ಹೆಸರು ಚಾಕೋ ಮಸ್ಕ್. ತಯಾರಿಸಿದ್ದು ಸೌದಿ ಅರೇಬಿಯಾದ ಅಲ್ ರೆಹಾಬ್. ತುದಿಯಲ್ಲಿ ಉರುಳುವ ಗುಂಡು, ಒಳಗೆ ಆಲ್ಕೊಹಾಲ್ ಇಲ್ಲದ ಸುಗಂಧ ತೈಲ, ನಾನು ಕೊಂಡಾಗ ಬೆಲೆ ಇನ್ನೂರು ರೂಪಾಯಿಯೊಳಗಿತ್ತು. ಚಾಕೊಲೇಟು ಮತ್ತು ಕಸ್ತೂರಿ! ಮಕ್ಕಳ ಹುಟ್ಟುಹಬ್ಬಕ್ಕೆ ಸಲ್ಲಬೇಕಾದದ್ದನ್ನೂ ಮಹಾರಾಜರ ಅಂತಃಪುರಕ್ಕೆ ಸಲ್ಲಬೇಕಾದದ್ದನ್ನೂ ಒಂದೇ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದ ಧೈರ್ಯವನ್ನು ಮೆಚ್ಚಲೇಬೇಕು.

ಕೊಂಡದ್ದು ಭಟ್ಕಳದಲ್ಲಿ. ಮಂಗಳೂರಿನಿಂದ ಹೊನ್ನಾವರದ ಕಡೆ ಹೋಗುವವರು ಅಲ್ಲಿ ಚಹಾಕ್ಕೆ ಇಳಿದರೆ ಪೇಟೆಯನ್ನೊಮ್ಮೆ ನೋಡಿ ಬರದೆ ಇರುವುದು ಕಷ್ಟ. ಸಮುದ್ರದಾಚೆಯ ವ್ಯಾಪಾರ ಅಲ್ಲಿನ ನವಾಯತ ಸಮುದಾಯದವರಿಗೆ ತಲೆಮಾರುಗಳ ಕಸುಬು. ಈಗಲೂ ಮನೆಗೊಬ್ಬರಾದರೂ ದುಬೈಯಲ್ಲೋ ಜಿದ್ದಾದಲ್ಲೋ ಇರುತ್ತಾರೆ. ಹಾಗಾಗಿ ಖರ್ಜೂರ, ಕಂಬಳಿ, ಹಾಲಿನ ಪುಡಿ, ಸೆಂಟು ಇವೆಲ್ಲ ಅಲ್ಲಿ ದಿನಸಿ ಸಾಮಾನಿನ ಪೈಕಿ. ನಾನು ಒಳಗೆ ಹೋದದ್ದು ನಿಜಕ್ಕೂ ಉಗುರು ಕತ್ತರಿಸುವ ಸಾಧನ ಕೇಳಲು. ಅತ್ತರಿನ ಅಂಗಡಿಯವರ ಮುಂದೆ ಅಂಥ ಸಣ್ಣಪುಟ್ಟ ಉದ್ದೇಶಗಳು ನಿಲ್ಲುವುದಿಲ್ಲ. “ಕೈ ಕೊಡಿ ಸಾರ್” ಅಂದರು. ಕೊಟ್ಟೆ. ಮೊದಲು ಊದ್. ಗಾಜಿನ ಕಡ್ಡಿಯಿಂದ ಎಡ ಮಣಿಕಟ್ಟಿಗೆ ಒಂದು ಗೆರೆ. ಹೊಗೆ, ತೊಗಲು, ಹಳೇ ಅಟ್ಟದ ಮರ ಎಲ್ಲ ಒಟ್ಟಿಗೆ ಮೂಗಿಗೆ ಬಂದವು. ಬೆಲೆ ಕೇಳಿದ ಮೇಲೆ ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಗುಲಾಬಿ, ಬಲ ಮಣಿಕಟ್ಟಿಗೆ. ಅಂಬರ್, ಎಡ ಮುಂಗೈಗೆ. ಶಮಾಮ, ಮೊಣಕೈ ಮಡಿಕೆಗೆ. ಶರೀರದಲ್ಲಿ ಸಭ್ಯವಾಗಿ ತೋರಿಸಬಹುದಾದ ಜಾಗವೆಲ್ಲ ಮುಗಿದ ಮೇಲೆ ಅವರು ನನ್ನ ಅಂಗಿಯ ಗುಂಡಿ, ಚಪ್ಪಲಿ, ಕೈಯಲ್ಲಿದ್ದ ಬಟ್ಟೆ ಚೀಲ ಇವನ್ನು ಒಂದು ಸುತ್ತು ನೋಡಿ, ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬದಿಂದ ಈ ಸೀಸೆ ತೆಗೆದು, “ಇದು ನಿಮ್ಮಂಥವರಿಗೆ” ಅಂದರು. ನಲವತ್ತು ವರ್ಷಗಳಿಂದ ಜನರನ್ನು ಮೂಸಿ ನೋಡಿದವರ ತೀರ್ಪು. ವಾದ ಮಾಡಲಿಲ್ಲ.

ಹಚ್ಚಿಕೊಂಡ ಮೊದಲ ಕ್ಷಣದಲ್ಲಿ ಕೋಕೋ. ದುಬಾರಿ ಕಹಿ ಚಾಕೊಲೇಟಿನದಲ್ಲ, ಹಾಲಿಗೆ ಬೆರೆಸುವ ಕಂದು ಪುಡಿಯ ಡಬ್ಬಿಯನ್ನು ಚಮಚದ ಹಿಡಿಯಿಂದ ಮೀಟಿ ತೆರೆದಾಗ ಬರುವ ಕೋಕೋ. ಅದರ ಬೆನ್ನಿಗೇ ದಾಲ್ಚಿನ್ನಿಯ ಒಂದು ಎಳೆ, ವೆನಿಲ್ಲಾದ ಒಂದು ಹೊರೆ. ಈ ಹಂತದಲ್ಲಿ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ, ಬೇಕರಿಯಾಗುತ್ತಾನೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮಗು ನನ್ನ ಬಟ್ಟೆ ಚೀಲವನ್ನೇ ನೋಡುತ್ತ ಕೂತಿತು. ಅದರ ತಾಯಿ “ಹಾಗೆಲ್ಲ ಬೇರೆಯವರ ಹತ್ತಿರ ಕೇಳಬಾರದು” ಅಂದಳು. ಚೀಲದಲ್ಲಿದ್ದದ್ದು ಎರಡು ಪಂಚೆ ಮತ್ತು ರಕ್ತದೊತ್ತಡದ ಮಾತ್ರೆ. ಹೇಳಿದ್ದರೂ ನಂಬುತ್ತಿರಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಬೇಕರಿ ಬಾಗಿಲು ಹಾಕುತ್ತದೆ. ಸಿಹಿಯ ಗದ್ದಲ ತಣಿದು, ಮೆತ್ತಗಿನ, ಒಣಗಿದ, ಬಿಳಿ ಬಣ್ಣದ್ದೊಂದು ಪರಿಮಳ ಮೇಲೇಳುತ್ತದೆ. ಪೌಡರು! ಇಸ್ತ್ರಿ ಮಾಡಿದ ಬಟ್ಟೆ, ತೊಟ್ಟಿಲು, ಕನ್ನಡಿ ಬೀರು, ಮದುವೆ ಮನೆಯ ಹೆಂಗಸರ ಕೋಣೆ, ಇವಿಷ್ಟನ್ನೂ ಒಟ್ಟಿಗೆ ತಂದು ನಿಲ್ಲಿಸುವ ಘಮ. ಮತ್ತೆ ರಾತ್ರಿಯ ತನಕ ಅದು ಕದಲುವುದಿಲ್ಲ. ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಮೂಗು ಅರಳಿಸಿ, “ಎಂತದೋ ಇದು, ಯಾರ ಮನೆ ಮಗು ಎತ್ತಿಕೊಂಡು ಬಂದೆ?” ಎಂದು ಕೇಳಿದಳು. ಬೆಂಗಳೂರಿಗೆ ಮರಳಿದ ಮೇಲೆ ಹೆಂಡತಿ ಅಷ್ಟೂ ಕೇಳಲಿಲ್ಲ. ಬೀರುವಿನೊಳಗಿನ ತನ್ನ ಪೌಡರ್ ಡಬ್ಬಿಯನ್ನು ತೆಗೆದು, ಅಲ್ಲಾಡಿಸಿ, ತೂಕ ಸರಿಯಾಗಿದೆಯೇ ಎಂದು ನೋಡಿ ಮತ್ತೆ ಒಳಗಿಟ್ಟಳು. ಕಚೇರಿಯಲ್ಲಿ ಪಕ್ಕದ ಮೇಜಿನವರು ಮಧ್ಯಾಹ್ನದ ತನಕ ಕಾದು, ಆಮೇಲೆ ತಡೆಯಲಾರದೆ, “ಇವತ್ತು ಯಾರ ಬರ್ತ್‌ಡೇ? ಕೇಕ್ ಎಷ್ಟು ಗಂಟೆಗೆ?” ಎಂದು ವಿಚಾರಿಸಿಕೊಂಡು ಹೋದರು.

ಇವರನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನಮ್ಮ ಅಕ್ಕನ ಮಗಳನ್ನು. ಅವಳು ಸುಗಂಧದ ‘ಕಮ್ಯುನಿಟಿ’ಯಲ್ಲಿದ್ದಾಳೆ. ಅವರೆಲ್ಲ ದುಬಾರಿ ಸೀಸೆಗಳನ್ನು ಹಂಚಿಕೊಂಡು ಎರಡೆರಡು ಮಿಲಿಲೀಟರ್ ಪಾಲು ತೆಗೆದುಕೊಳ್ಳುವವರು. ಅದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. ಮೂಸದೆ ಕೊಂಡರೆ ಬ್ಲೈಂಡ್ ಬೈ. ಹಚ್ಚಿಕೊಂಡವರ ಹಿಂದೆ ಎಷ್ಟು ದೂರ ಘಮ ಉಳಿಯುತ್ತದೆಂಬುದು ಸಿಯಾಜ್. ಗೋಡೆ ದಾಟಿ ಪಕ್ಕದ ಮನೆಗೆ ಹೋದರೆ ಬೀಸ್ಟ್ ಮೋಡ್. ಕೊನೆಯಲ್ಲಿ ಚರ್ಮದ ಮೇಲೆ ಉಳಿಯುವುದು ಡ್ರೈ ಡೌನ್. ತಿಂಡಿ ತಿನಿಸಿನ ವಾಸನೆಯವು ಗೂರ್ಮಾಂಡ್. ನನ್ನ ಮಣಿಕಟ್ಟನ್ನು ಮೂಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಯೋಚಿಸಿ, “ಮಾಮಾ, ಓಪನಿಂಗ್ ತುಂಬ ಲೌಡು. ಡ್ರೈ ಡೌನ್ ಪೌಡರಿ. ಚೀಪ್ ಮಸ್ಕ್” ಎಂದಳು. ಹುಡುಗನ ಜಾತಕ ನೋಡಿ ಬೇಡವೆನ್ನುವವರು ಕೂಡ ಇದಕ್ಕಿಂತ ಮೆದುವಾಗಿ ಹೇಳುತ್ತಾರೆ.

‘ಚೀಪ್’, ‘ಪೌಡರಿ’, ಅದರ ಮೇಲೆ ಕೊಸರಿಗೆ ‘ಎಲ್ಲ ಕೆಮಿಕಲ್’. ಮೂರು ಆರೋಪ. ಸೀಸೆಗೆ ಬಾಯಿಲ್ಲ, ಗುಂಡು ಮಾತ್ರ ಇದೆ. ಹಾಗಾಗಿ ವಕಾಲತ್ತು ನಾನೇ ವಹಿಸಿಕೊಂಡೆ.

ಪೌಡರ್ ವಾಸನೆ ಅನ್ನುತ್ತೇವಲ್ಲ, ಪೌಡರಿಗೆ ವಾಸನೆಯೇ ಇಲ್ಲ ಸ್ವಾಮಿ. ಟಾಲ್ಕ್ ಎಂದರೆ ಕಲ್ಲು, ಮೆಗ್ನೀಸಿಯಂ ಸಿಲಿಕೇಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಟಾಲ್ಕಿಗೆ 1; ಉಗುರಿನಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆದು. ಆ ಕಲ್ಲಿನ ಪುಡಿಗೆ ಯುರೋಪಿನವರು ಐರಿಸ್ ಗಿಡದ ಬೇರು, ವಯಲೆಟ್, ಹೀಲಿಯೊಟ್ರೋಪ್ ಇಂಥ ಹೂಗಳ ಪರಿಮಳ ಬೆರೆಸುವ ರೂಢಿ ಹಾಕಿದರು. ಐರಿಸ್ ಬೇರನ್ನು ಕಿತ್ತ ಕೂಡಲೇ ಮೂಸಿದರೆ ಹೆಚ್ಚೇನೂ ಇರುವುದಿಲ್ಲ. ಒಣಗಿಸಿ ಎರಡು ಮೂರು ವರ್ಷ ಇಟ್ಟ ಮೇಲಷ್ಟೇ ಘಮ ಬಿಡುತ್ತದೆ. ಹಾಗಾಗಿ ಅದರ ಬೆಲೆ ಇಂದಿಗೂ ಕೈಸುಡುತ್ತದೆ. ಅಂಥ ಪರಿಮಳ ಯಾರದೋ ಶ್ರೀಮಂತರ ಡ್ರೆಸ್ಸಿಂಗ್ ಟೇಬಲ್ಲಿನಿಂದ ಇಳಿದು ನಮ್ಮ ಕೇರಂ ಬೋರ್ಡಿನ ತನಕ ಬಂದದ್ದು ಹೇಗೆ? ಬಂದದ್ದು ಅದೇ ಕೆಮಿಕಲ್ಲಿನ ದಯೆಯಿಂದ. ಆ ಕೆಮಿಕಲ್ಲು ಸಿಕ್ಕಿದ್ದು ಎಲ್ಲಿಂದ ಎಂದು ಹುಡುಕುತ್ತ ಹೋದರೆ ನಮ್ಮ ಹಿತ್ತಲಿಗೇ ಬಂದು ಮುಟ್ಟುತ್ತೇವೆ.

ವಯಲೆಟ್ ಹೂವಿನ ಪರಿಮಳ ನೋಡಿ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಅಯೊನೋನ್ ಎಂದು ಹೆಸರಿಟ್ಟರು. ಅದಕ್ಕೆ ಮೂಲವಸ್ತು ಸಿಟ್ರಾಲ್. ಸಿಟ್ರಾಲ್ ಧಾರಾಳವಾಗಿ ಸಿಗುವುದು ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ! ಅಜ್ಜಿ ಶೀತಕ್ಕೆ ಕಷಾಯ ಮಾಡಿ ಕುಡಿಸುತ್ತಿದ್ದ, ಬಾವಿಕಟ್ಟೆಯ ಪಕ್ಕದ ಆ ಹುಲ್ಲಿನ ಎಣ್ಣೆಯಿಂದ ಪ್ಯಾರಿಸ್ಸಿನ ಹೆಂಗಸರ ಕೆನ್ನೆಯ ಪೌಡರಿಗೆ ಘಮ. ಅಯೊನೋನಿಗೆ ಇನ್ನೊಂದು ಕುಚೇಷ್ಟೆಯೂ ಇದೆ. ಮೂಸಿದ ಸ್ವಲ್ಪ ಹೊತ್ತಿಗೆ ಅದನ್ನು ಗುರುತಿಸುವ ಮೂಗಿನ ನರವೇ ದಣಿದು, ಪರಿಮಳ ಇದ್ದಕ್ಕಿದ್ದಂತೆ ಮಾಯ. ನಿಮಿಷ ಬಿಟ್ಟು ಮತ್ತೆ ಹಾಜರು. ಸಾಲ ಕೊಟ್ಟವರ ಎದುರು ಇಷ್ಟು ಚೆನ್ನಾಗಿ ಮಾಯವಾಗಲು ನನಗೆ ಗೊತ್ತಿರುವ ಯಾರಿಗೂ ಬರುವುದಿಲ್ಲ.

ಹೀಲಿಯೊಟ್ರೋಪಿನದು ಇನ್ನೂ ಚೆಂದ. ಬಾದಾಮಿ, ವೆನಿಲ್ಲಾ, ಪೌಡರು ಮೂರೂ ಬೆರೆತ ಆ ಸಿಹಿಗೆ ಕಾರಣವಾದ ವಸ್ತುವಿನ ಹೆಸರು ಪಿಪೆರೊನಾಲ್. 19ನೇ ಶತಮಾನದ ಜರ್ಮನ್ನರು ಅದನ್ನು ಮೊದಲು ಪಡೆದದ್ದು ಪಿಪೆರಿನ್‌ನಿಂದ. ಪಿಪೆರಿನ್ ಎಂದರೆ ಕಾಳುಮೆಣಸಿನ ಖಾರ! ನಾಲಿಗೆ ಸುಡುವ ಮೆಣಸನ್ನು ಒಡೆದು, ಆಮ್ಲ ಮಾಡಿ, ಉತ್ಕರ್ಷಿಸಿ ನೋಡಿದರೆ ಮಗುವಿನ ಕೆನ್ನೆಯ ಘಮ. ಆಮೇಲೆ ಅದನ್ನು ಬೇರೆ ಅಗ್ಗದ ಮೂಲದಿಂದ ತಯಾರಿಸುವುದು ರೂಢಿಯಾಯಿತು, ಅದು ಬೇರೆ ಮಾತು. ನಮ್ಮ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹಡಗಿಗಟ್ಟಲೆ ಮೆಣಸು ಒಯ್ದ ಅವರ ಪೈಕಿ ಒಬ್ಬನಿಗಾದರೂ ಆ ಮೂಟೆಯೊಳಗೆ ಪೌಡರ್ ಡಬ್ಬಿಯ ಪರಿಮಳ ಮಲಗಿದೆ ಎಂಬುದು ಹೊಳೆದಿರಲಾರದು. ಈ ವಿಷಯ ಅಮ್ಮನಿಗೆ ಹೇಳಿದೆ. “ಹಾಗಾದರೆ ಸಾರಿಗೆ ಪೌಡರು ಹಾಕುವುದೇ ಇನ್ನು?” ಎಂದಳು.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವೆನಿಲಿನ್ 1874ರಲ್ಲಿ ಸಿಕ್ಕಿದ್ದು ಪೈನ್ ಮರದ ರಸದಲ್ಲಿರುವ ವಸ್ತುವೊಂದರಿಂದ. ಒಣಹುಲ್ಲಿನ ಬಣವೆಯ ಸಿಹಿ ಘಮವಿರುವ ಕೂಮರಿನ್ ಅನ್ನು 1868ರಲ್ಲಿ ತಯಾರಿಸಿದ ವಿಲಿಯಂ ಪರ್ಕಿನ್, ಹುಡುಗನಾಗಿದ್ದಾಗಲೇ ನೇರಳೆ ಬಣ್ಣ ಕಂಡುಹಿಡಿದು ಹೆಸರಾಗಿದ್ದವನು. ಆದರೆ ಕಸ್ತೂರಿಯನ್ನು ಹಾಗೆ ದಾಟಿಸಲಾಗದು. ನಿಜವಾದ ಕಸ್ತೂರಿಗಾಗಿ ಹಿಮಾಲಯದ ಗಂಡು ಮೃಗವನ್ನು ಕೊಂದು ಅದರ ಹೊಟ್ಟೆಯ ಕೆಳಗಿನ ಗ್ರಂಥಿ ಕೀಳಬೇಕಿತ್ತು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬಾತ ಟಿಎನ್‌ಟಿಯಂಥ ಸ್ಫೋಟಕವನ್ನು ಇನ್ನಷ್ಟು ಸುಧಾರಿಸಲು ಹೊರಟು ಏನೋ ತಯಾರಿಸಿದ. ಸಿಡಿಯುವ ವಿಷಯದಲ್ಲಿ ಅದು ಹೆಸರು ಮಾಡಲಿಲ್ಲ. ಘಮಘಮಿಸಿತು! ಬಾಂಬು ಮಾಡಲು ಹೋಗಿ ಸೆಂಟು ಮಾಡಿದ ಪುಣ್ಯಾತ್ಮ. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಕೃತಕ ಕಸ್ತೂರಿಗಳು ಬಂದವು, ಬಟ್ಟೆ ಒಗೆಯುವ ಪುಡಿಯ ತನಕ ಇಳಿದವು. ಈಗ ‘ಒಗೆದ ಬಟ್ಟೆಯ ಸ್ವಚ್ಛ ವಾಸನೆ’ ಎಂದು ನಾವು ಸಂತೋಷಪಡುವುದು ಬಹುಮಟ್ಟಿಗೆ ಇವುಗಳನ್ನೇ. ‘ಕೆಮಿಕಲ್’ ಎಂದು ಮೂಗು ಮುರಿಯುವವರು ಆ ಮೃಗವನ್ನು ಒಮ್ಮೆ ಕೇಳಿ ಬರಲಿ.

ಇನ್ನು ‘ಚೀಪ್’. ಇದಕ್ಕೆ ಅಕ್ಕನ ಮಗಳ ಸಂಗ್ರಹವೇ ಸಾಕ್ಷಿ. ಅವಳ ಬಳಿ ಗೆರ್ಲೇನ್ ಕಂಪನಿಯ ಶಾಲಿಮಾರ್ ಇದೆ. 1925ರದು. ಹೆಸರು ಲಾಹೋರಿನ ಮೊಗಲರ ತೋಟದ್ದು, ಊರು ಪ್ಯಾರಿಸ್ಸು. ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಳ್ಳಬೇಕು. ಒಂದು ಕೈಗೆ ಶಾಲಿಮಾರ್, ಇನ್ನೊಂದಕ್ಕೆ ನನ್ನ ಭಟ್ಕಳ. ಆರಂಭದಲ್ಲಿ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಅಲ್ಲಿ ನಿಂಬೆಯ ಬಗೆಯ ಹಣ್ಣುಗಳು, ಧೂಪ, ಹೊಗೆ, ನಡುವೆ ಎಲ್ಲೋ ಐರಿಸ್, ಒಂದಾದ ಮೇಲೊಂದು ತೆರೆ ಏಳುತ್ತದೆ. ಇಲ್ಲಿ ಕೋಕೋ ಡಬ್ಬಿ. ಆದರೆ ಸಂಜೆಯ ಹೊತ್ತಿಗೆ ಎರಡು ಕೈಗಳನ್ನೂ ಬದಲಿಸಿ ಬದಲಿಸಿ ಮೂಸಿ. ಅಲ್ಲೂ ವೆನಿಲ್ಲಾ, ಇಲ್ಲೂ ವೆನಿಲ್ಲಾ. ಅಲ್ಲೂ ಪೌಡರು, ಇಲ್ಲೂ ಪೌಡರು. ನೂರು ಪಟ್ಟು ಬೆಲೆಯ ವ್ಯತ್ಯಾಸ ಸೂರ್ಯ ಮುಳುಗುವಷ್ಟರಲ್ಲಿ ಹತ್ತು ಪಟ್ಟಿಗೆ ಇಳಿದಿರುತ್ತದೆ. ಇದನ್ನು ಹೇಳಿದಾಗ ಅವಳು, “ಮಾಮಾ, ನಿಮಗೆ ಕೋವಿಡ್ ಆದಮೇಲೆ ಮೂಗು ಸರಿಯಾಗಿದೆಯಾ?” ಎಂದು ಕೇಳಿದಳು. ಆರೋಗ್ಯ ವಿಚಾರಿಸಿದ್ದಕ್ಕೆ ಸಂತೋಷ.

ಆ ‘ಗೂರ್ಮಾಂಡ್’ ಎಂಬುದಾದರೂ ಏನು? 1992ರಲ್ಲಿ ತಿಯೆರಿ ಮುಗ್ಲೇರ್ ಹೆಸರಿನಲ್ಲಿ ಏಂಜೆಲ್ ಎಂಬ ಸೆಂಟು ಬಂತು. ಅದರಲ್ಲಿ ಈಥೈಲ್ ಮಾಲ್ಟಾಲ್ ಎಂಬ ವಸ್ತುವನ್ನು ಹಿಂದೆಂದೂ ಇಲ್ಲದಷ್ಟು ಸುರಿದಿದ್ದರು. ಅದರ ವಾಸನೆ ಜಾತ್ರೆಯ ಬಾಂಬೆ ಮಿಠಾಯಿಯದು. ಮೈಗೆ ಮಿಠಾಯಿ ವಾಸನೆ ಬರಬೇಕೆಂಬ ಆಸೆ ಫ್ರಾನ್ಸಿನಲ್ಲಿ ಹುಟ್ಟಿದರೆ ಕಲೆ, ಅದೇ ಆಸೆ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬದಲ್ಲಿ ಸಿಕ್ಕಿದರೆ ಚೀಪು. ಇದು ಯಾವ ನ್ಯಾಯ?

ಅಗ್ಗದ ಸಿಹಿ ಸೆಂಟಿಗೆ ಕುಲೀನ ವಂಶಾವಳಿಯೇ ಇದೆ ಎಂಬುದು ತಿಳಿದದ್ದು ನಮ್ಮ ಅತ್ತೆಯಿಂದ, ಅಂದರೆ ಹೆಂಡತಿಯ ತಾಯಿಯಿಂದ. ಈ ಸೀಸೆಯನ್ನು ಮೂಸಿದ ಆಕೆ ಬೈಯುವ ಬದಲು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಾಲದಲ್ಲಿ ನೀಲಿ ಬಾಟ್ಲಿ ಇತ್ತು, ಈವ್ನಿಂಗ್ ಇನ್ ಪ್ಯಾರಿಸ್” ಎಂದರು. ಆ ನೀಲಿ ಸೀಸೆ ಅನೇಕರಿಗೆ ನೆನಪಿರಬಹುದು. ಮದುವೆಯ ಹೆಣ್ಣಿಗೆ ಯಾರೋ ಕೊಟ್ಟದ್ದು, ಮುಗಿದ ಮೇಲೂ ಸೀರೆಗಳ ನಡುವೆ ವರ್ಷಗಟ್ಟಲೆ ಉಳಿದದ್ದು. ಅದು ಬೂರ್ಜ್ವಾ ಕಂಪನಿಯದು, 1928ರದು. ವಯಲೆಟ್ಟು, ಹೀಲಿಯೊಟ್ರೋಪು, ವೆನಿಲ್ಲಾ ಬೆರೆತ ಪೌಡರ್ ಸಿಹಿ. ಸಾಮಾನ್ಯರ ಕೈಗೆಟುಕುವ ಬೆಲೆ. ಅದನ್ನು ರೂಪಿಸಿದ ಎರ್ನೆಸ್ಟ್ ಬೋ ಯಾರು ಅಂದುಕೊಂಡಿರಿ? ಏಳು ವರ್ಷ ಮೊದಲು, 1921ರಲ್ಲಿ, ಶನೆಲ್ ನಂಬರ್ 5 ಮಾಡಿದವನೇ! ಜಗತ್ತಿನ ಅತಿ ಪ್ರಸಿದ್ಧ ಶ್ರೀಮಂತ ಸೆಂಟನ್ನೂ ನಮ್ಮ ಅತ್ತೆಯ ಟ್ರಂಕಿನ ಸೆಂಟನ್ನೂ ಒಂದೇ ಮೂಗು ಸೃಷ್ಟಿಸಿತು. ಎರಡು ಕಂಪನಿಗಳ ಹಿಂದಿದ್ದ ಹಣವೂ ವರ್ತೈಮರ್ ಎಂಬ ಒಂದೇ ಮನೆತನದ್ದು. ಇದನ್ನು ನಾನು ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಸೆಂಟೆಂದರೆ ಪರದೇಶದ ಶೋಕಿ ಅನ್ನುವ ನಮ್ಮ ಹಿರಿಯರಿಗೂ ಒಂದು ಮಾತು ಹೇಳಬೇಕು. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡಕ್ಕೆ ಗೊಬ್ಬರ ಹಾಕುವುದು, ಅಡುಗೆ ಮಾಡುವುದರ ಜೊತೆಗೆ ಸುಗಂಧ ತಯಾರಿಸುವುದಕ್ಕೂ ಒಂದು ಅಧ್ಯಾಯವಿದೆ. ಅಂದರೆ ಸಾವಿರ ವರ್ಷದ ಹಿಂದೆ ಅದು ಲೋಕಕ್ಕೆ ಉಪಕಾರವಾಗುವ ವಿದ್ಯೆಗಳಲ್ಲೊಂದು. ಅದಕ್ಕೂ ಮೊದಲೇ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆರಿಸಿದರೆ 1820 ಬಗೆಯ ಮಿಶ್ರಣಗಳಾಗುತ್ತವೆ ಎಂದು ಲೆಕ್ಕ ಹಾಕಿ ಇಟ್ಟಿದ್ದಾನೆ. ಪಿಯುಸಿಯಲ್ಲಿ ಕಾಂಬಿನೇಷನ್ ಲೆಕ್ಕವನ್ನು ಕೆಂಪು, ನೀಲಿ ಚೆಂಡುಗಳಿಂದ ಕಲಿಸುವ ಬದಲು ಅತ್ತರಿನಿಂದ ಕಲಿಸಿದ್ದರೆ ನಾನೂ ಪಾಸಾಗುತ್ತಿದ್ದೆನೋ ಏನೋ. ಇಷ್ಟು ಸಾಲದೆಂದರೆ ಸರ್ಕಾರದ ಉದಾಹರಣೆಯೇ ಇದೆ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತು ಮೈಸೂರು ರಾಜ್ಯದಲ್ಲಿ ಕೊರಡುಗಳು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಇಲ್ಲೇ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸೋಪು ಬಂತು. ಒಂದು ಸರ್ಕಾರವೇ ತನ್ನ ಪ್ರಜೆಗಳು ಘಮಘಮಿಸಲಿ ಎಂದು ಕಾರ್ಖಾನೆ ತೆರೆದ ನಾಡಿದು. ಇಲ್ಲಿ ಸೆಂಟು ಹಾಕಿಕೊಂಡವನ ಹೆಂಡತಿಯ ಮುಖ ನೋಡುವುದೆಂದರೇನು!

ಪುನುಗು, ಜವ್ವಾಜಿ ಮಾತ್ರ ಬಿಟ್ಟುಹೋಗಬಾರದು. ಗ್ರಂಥಿಗೆ ಅಂಗಡಿಯಲ್ಲಿ ಪುಟ್ಟ ಸೀಸೆಯಲ್ಲಿ ಮಾರುವ ಜವ್ವಾಜಿ ಪುಡಿಯನ್ನು ಹಿಂದಿನವರು ಚಿಟಿಕೆಯಷ್ಟು ತೆಗೆದು ಕಿವಿಯ ಹಿಂದೆ ಒತ್ತಿಕೊಂಡು ಸಂತೆಗೆ ಹೋಗುತ್ತಿದ್ದರು. ಅದೂ ಸಿಹಿ, ಅದೂ ಪುಡಿ, ಅದೂ ಅಗ್ಗ. ಅಷ್ಟೇ ಗಾಢ ಕೂಡ: ದೇವರಿಗೆ ಹಚ್ಚಿದರೆ ಗರ್ಭಗುಡಿ ತುಂಬ, ಮಾವನವರು ಹಚ್ಚಿಕೊಂಡರೆ ಬಸ್ಸು ತುಂಬ.

ಕರಾವಳಿಯಲ್ಲಿ ಈ ಸಿಹಿ ಪರಿಮಳಕ್ಕೆ ಇನ್ನೊಂದು ವಿಳಾಸವೂ ಇದೆ. ಎಂಬತ್ತರ, ತೊಂಬತ್ತರ ದಶಕದಲ್ಲಿ ಉಡುಪಿ, ಕುಂದಾಪುರ, ಭಟ್ಕಳದ ಯಾವ ಬೀದಿಯಲ್ಲೇ ಆಗಲಿ, ಕೊಲ್ಲಿಯಿಂದ ಮಗ ಬಂದ ಸುದ್ದಿ ಮನೆಯವರು ಹೇಳಬೇಕಾಗಿರಲಿಲ್ಲ, ಗಾಳಿಯೇ ಹೇಳುತ್ತಿತ್ತು. ದಪ್ಪ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಟ್ಯಾಂಗ್ ಪುಡಿ, ನೀಡೋ ಹಾಲಿನ ಡಬ್ಬಿ, ಕೊಡೆ ಬಟ್ಟೆಯಷ್ಟು ಗಟ್ಟಿಯಾದ ಲುಂಗಿ, ಟಾರ್ಚು, ತಲೆನೋವಿನ ಎಣ್ಣೆ, ಮತ್ತು ಬಂಧುಬಾಂಧವರ ಲೆಕ್ಕಕ್ಕೆ ಸರಿಯಾಗಿ ಸೆಂಟಿನ ಸೀಸೆಗಳು. ಹತ್ತಿರದವರಿಗೆ ಸ್ಪ್ರೇ, ದೂರದವರಿಗೆ ರೋಲ್-ಆನ್. ಯಾರಿಗೆ ಯಾವುದು ಬಂತೆಂಬುದರ ಮೇಲೆ ಎಷ್ಟೋ ಸಂಬಂಧಗಳು ಕೆಟ್ಟಿವೆ. ಆಲ್ಕೊಹಾಲ್ ಇಲ್ಲವೆಂಬ ಕಾರಣಕ್ಕೆ ಮುಸ್ಲಿಂ ಮನೆಗಳಲ್ಲಿ ಶುಕ್ರವಾರದ ನಮಾಜಿಗೆ ಈ ರೋಲ್-ಆನ್ ಸಲ್ಲುತ್ತಿತ್ತು. ಹುಡುಗರು ಊರ ತೇರಿಗೆ ಹೋಗುವಾಗ ಗೆಳೆಯನ ಜೇಬಿನಿಂದ ಇದನ್ನೇ ಕೇಳಿ ಹಚ್ಚಿಕೊಳ್ಳುತ್ತಿದ್ದರು. ಒಂದು ಸೀಸೆ ಹತ್ತು ಜನ. ತೇರಿನ ಎಡಬದಿಗೆ ನಿಂತ ಅಷ್ಟೂ ಹುಡುಗರು ಒಂದೇ ಘಮ.

ನನ್ನ ಪಕ್ಷಪಾತವನ್ನು ಇಷ್ಟರಲ್ಲಿ ಗಮನಿಸಿರುತ್ತೀರಿ. ಆದರೂ ಕಕ್ಷಿದಾರನ ದೋಷ ಮುಚ್ಚಿಡುವ ವಕೀಲ ನಾನಲ್ಲ. ಮೊದಲ ಅರ್ಧ ಗಂಟೆ ಇದರ ಜೊತೆ ಲಿಫ್ಟಿನಲ್ಲಿ ಇರಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆವರಿನ ಜೊತೆ ಸೇರಿದರೆ ಬಾಣಂತಿ ಕೋಣೆಗೆ ಬಿಸಿ ಬಿಸಿ ಕೇಕು ತಂದಿಟ್ಟ ಪರಿಸ್ಥಿತಿ. ಊಟದ ಪಂಕ್ತಿಗೆ ಇದನ್ನು ಹಚ್ಚಿಕೊಂಡು ಕೂರುವುದು ಪಕ್ಕದವರ ಸಾರಿಗೆ ಮಾಡುವ ಅನ್ಯಾಯ. ಇಂಗಿನ ಒಗ್ಗರಣೆಗೂ ವೆನಿಲ್ಲಾಕ್ಕೂ ಹುಟ್ಟಾ ವೈರ. ಬಿಸಿಲಿಗೆ ಮೈಸೂರು ಮಲ್ಲಿಗೆಯ, ಖಸ್ಸಿನ ಅತ್ತರುಗಳಿವೆ, ಅವೇ ಸರಿ. ಇದು ಮಳೆಗಾಲದ್ದು. ಜುಲೈ ತಿಂಗಳಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆಯನ್ನು ಎದುರಿಸಲು ಇದಕ್ಕಿಂತ ಯೋಗ್ಯ ಯೋಧ ನನಗೆ ಗೊತ್ತಿಲ್ಲ.

ಇನ್ನೂ ಒಂದು ಅಪಾಯವಿದೆ. ಹಚ್ಚಿಕೊಂಡವನ ಮೂಗು ಬೇಗ ಒಗ್ಗಿಹೋಗುತ್ತದೆ. ಕಸ್ತೂರಿಯ ಕೆಲವು ಬಗೆಗಳಂತೂ ಕೆಲವರ ಮೂಗಿಗೆ ಹುಟ್ಟಿನಿಂದಲೇ ಬರುವುದಿಲ್ಲ. ‘ಘಮ ಹೋಯಿತು’ ಎಂದು ಅವನು ಮತ್ತೊಂದು ಗೆರೆ ಎಳೆದುಕೊಳ್ಳುತ್ತಾನೆ, ಇನ್ನೊಂದು ಗೆರೆ ಎಳೆದುಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಮೂರನೇ ಮಹಡಿಯವರು ಕಿಟಕಿ ಹಾಕಿಕೊಂಡಿರುತ್ತಾರೆ. ಸಾಕೋ ಬೇಕೋ ಎಂಬುದನ್ನು ಹೆಂಡತಿಯನ್ನು ಕೇಳುವುದು ಕ್ಷೇಮ. ನಮ್ಮ ಮನೆಯಲ್ಲಿ ಅವಳು ಎರಡು ದಿನ ‘ಸಾಕು’ ಎಂದಳು. ಆಮೇಲೆ ಸೀಸೆ ಸ್ವಲ್ಪ ಸ್ವಲ್ಪವೇ ತಾನಾಗಿ ಕಡಿಮೆಯಾಗತೊಡಗಿದೆ. ನಾನು ಹಚ್ಚಿಕೊಳ್ಳದ ದಿನವೂ ಮನೆಯಲ್ಲಿ ಸಂಜೆ ಪೌಡರಿನ ಘಮ ಇರುತ್ತದೆ. ವಿಚಾರಣೆ ಮಾಡಲು ಹೋಗಿಲ್ಲ.

ಹಾಗಾಗಿ ಓದುಗ ಮಹಾಶಯರೇ, ಭಟ್ಕಳಕ್ಕೋ ಬೆಂಗಳೂರಿನ ಶಿವಾಜಿನಗರಕ್ಕೋ ಹೋದಾಗ ಒಂದು ಸೀಸೆ ತೆಗೆದುಕೊಳ್ಳಿ. ಆರು ಮಿಲಿಲೀಟರ್ ಅಂದರೆ ಕಡಿಮೆ ಎಂದುಕೊಳ್ಳಬೇಡಿ, ವರ್ಷ ಬರುತ್ತದೆ. ಮಣಿಕಟ್ಟಿಗೆ ಒಂದು ಗೆರೆ, ಕಿವಿಯ ಹಿಂದೆ ಅರ್ಧ ಗೆರೆ, ಅಷ್ಟೇ. ಮನೆಯಿಂದ ಹೊರಡುವ ಅರ್ಧ ಗಂಟೆ ಮೊದಲೇ ಹಚ್ಚಿ, ಬೇಕರಿ ಮನೆಯಲ್ಲೇ ಮುಗಿದು ಹೋಗಲಿ, ಪೌಡರು ಮಾತ್ರ ನಿಮ್ಮ ಜೊತೆ ಬರಲಿ. ಬಿಳಿ ಅಂಗಿಗೆ ಮಾತ್ರ ತಾಗಿಸಬೇಡಿ. ಅದು ಎಣ್ಣೆ, ಕಲೆ ಹೋಗುವುದಿಲ್ಲ.